ವಾಲ್ವಿನ ಕೀಲಿ ಯಾರ ಕೈಲಿ

ನೀರಿನ ಹಂಚಿಕೆ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಗೆ ಆ ಬೀದಿಯ ಮನೆಮನೆಯಲ್ಲೂ ಒಂದೇ ಉತ್ತರ ಸಿಕ್ಕಿತು: “ನೀರು ಚೆನ್ನಾಗಿ ಬರುತ್ತೆ.” ಅಲ್ಲಿ ನೀರು ಮಾರುವ ಟ್ಯಾಂಕರ್ ಮಾಲೀಕನ ಭಾಮೈದ ಬೈಕಿನಲ್ಲಿ ಅವಳ ಬೆನ್ನಿಗೇ ಬಿದ್ದಿದ್ದ.

ಬಟ್ಟೆ ಹೊಲಿಯುವ ಅಕ್ಕನೂ ಬಾಗಿಲಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದಳು. ಆಮೇಲೆ ಹುಡುಗಿಯನ್ನು ಒಳಗೆ ಕರೆದು, ಹೊಲಿಗೆ ಯಂತ್ರ ತುಳಿಯುತ್ತ, ಆ ಸದ್ದಿನ ಮರೆಯಲ್ಲಿ ಪಿಸುಗುಟ್ಟಿದಳು.

“ಬೀದಿಗೆ ನೀರು ಬಿಡೋ ವಾಲ್ವಿನ ಕೀಲಿ ಟ್ಯಾಂಕರ್‌ನವರ ಕೈಲಿದೆ ಕಣಮ್ಮ. ನಲ್ಲೀಲಿ ನೀರು ಬಂದ್ರೆ ಟ್ಯಾಂಕರ್ ಯಾರು ಕರೀತಾರೆ? ಬಾಯಿಬಿಟ್ಟ ನಮ್ಮ ಭಾವನ ಕೈ ಮುರಿದ್ರು. ನನ್ನ ಹೆಸರು ಎಲ್ಲೂ ಬರಬಾರದು.”

“ಬರಲ್ಲ ಅಕ್ಕ, ನನ್ನಾಣೆ.”

ಹೊರಬಂದರೆ ಬೈಕು ಮೆಟ್ಟಿಲಿಗೇ ಅಡ್ಡ ನಿಂತಿತ್ತು.

“ಇಷ್ಟೊತ್ತು ಒಳಗೇನು ಮಾತು?” ಎಂದ ಭಾಮೈದ.

“ಅಂಗಿಗೆ ಅಳತೆ ಕೊಟ್ಟೆ.”

“ಬಟ್ಟೇನೇ ತಂದಿರಲಿಲ್ವಲ್ಲ?”

ಅಷ್ಟರಲ್ಲಿ ಅಕ್ಕ ಹಸಿರು ಬಟ್ಟೆಯೊಂದನ್ನು ಹಿಡಿದು ಬಾಗಿಲಿಗೆ ಬಂದಳು. “ನನ್ನ ಹತ್ರ ಇದ್ದಿದ್ದನ್ನೇ ಆರಿಸಿದ್ರಪ್ಪ.”

ಅವನು ಇಬ್ಬರನ್ನೂ ದಿಟ್ಟಿಸಿ, ನಕ್ಕು, ಬೈಕು ಸರಿಸಿದ.

ಬಸ್ಸು ಹತ್ತಿದ ಮೇಲೂ ಹುಡುಗಿ ಆ ಬೀದಿಯತ್ತಲೇ ತಿರುಗಿ ನೋಡುತ್ತಿದ್ದಳು. ತನಗೆ ಹತ್ತಲು ಬಸ್ಸಾದರೂ ಇತ್ತು, ಅಕ್ಕ ಅಲ್ಲೇ ಬಾಳಬೇಕು. ವರದಿಯಲ್ಲಿ ಹುಡುಗಿ ಕೀಲಿಯ ವಿಷಯ ಬರೆದಳು, ಊರು, ಬೀದಿ, ಹೊಲಿಗೆ ಎಲ್ಲವನ್ನೂ ಮರೆಮಾಚಿದಳು. ಆದರೂ ಅದು ಅಚ್ಚಾದ ದಿನದಿಂದ, ಫೋನ್ ರಿಂಗಾದರೆ ಸಾಕು, ಅಕ್ಕನಿಗೇನಾಯಿತೋ ಎಂದು ಬೆಚ್ಚುತ್ತಾಳೆ.