ಅಕ್ಕಿ ಡ್ರಮ್ಮಿನಲ್ಲಿಟ್ಟ ಸಿಲಿಕಾ

ಫಾಯಿಝಾಳ ಬಳಿ ಮಬ್ಬು ಅಳೆಯುವ ಯಂತ್ರ ಇರಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ಕು ಬೆಳಕನ್ನು ಎಷ್ಟು ಚದುರಿಸುತ್ತದೆ ಎಂದು ತೋರಿಸುವ ಆ ಯಂತ್ರವನ್ನು ಅವಳು ಎಂ.ಎಸ್ಸಿ. ಓದುವಾಗ ಒಮ್ಮೆ ಮುಟ್ಟಿದ್ದಳು, ಅಷ್ಟೆ. ಕಾವೂರಿನಲ್ಲಿ ಮಾವ ಕಬೀರನ ಶೆಡ್ಡಿನಲ್ಲಿ ಇದ್ದದ್ದು ಒಂದು ಟ್ಯೂಬ್‌ಲೈಟು ಮತ್ತು ಪಾತ್ರೆ ತಿಕ್ಕುವ ಉಕ್ಕಿನ ನಾರು.

ಮಾವ ಹೆಲ್ಮೆಟ್ಟಿಗೆ ಗ್ಲಾಸು ಮಾಡುತ್ತಿದ್ದ. ಹೆಸರಿಗೆ ಗ್ಲಾಸು, ಅಸಲಿಗೆ ಪ್ಲಾಸ್ಟಿಕ್ಕು. ಆರು ತಿಂಗಳಿಗೆ ಗೀರು ಬಿದ್ದು ಹಾಳಾಗುತ್ತಿತ್ತು. ಅದರ ಮೇಲೆ ಬಳಿಯುವ ವಾರ್ನಿಶಿಗೆ ನ್ಯಾನೊ ಸಿಲಿಕಾ ಎಂಬ ನುಣ್ಣನೆಯ ಪುಡಿ ಬೆರೆಸುವ ಯೋಚನೆ ಫಾಯಿಝಾಳದು. ಕಣ ತೀರಾ ಚಿಕ್ಕದಿದ್ದರೆ ಬೆಳಕು ನೇರ ದಾಟುತ್ತದೆ, ಗೀರು ಮಾತ್ರ ಬೀಳುವುದಿಲ್ಲ. ತೇವ ಹಿಡಿದು ಕಣಗಳು ಉಂಡೆಗಟ್ಟಿದರೆ ಬೆಳಕು ಚದುರುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು.

ಆದರೆ ಮೂರು ವಾರದಿಂದ ಮಳೆ. ಮಳೆಗಾಲದಲ್ಲಿ ಉಮ್ಮ ಉಪ್ಪಿನ ಡಬ್ಬಿಗೆ ಅಕ್ಕಿಕಾಳು ಹಾಕುತ್ತಾಳೆ, ನೆನೆದ ಮೊಬೈಲನ್ನು ಅಕ್ಕಿಯಲ್ಲಿ ಹೂಳುತ್ತಾಳೆ. ಫಾಯಿಝಾ ಪುಡಿಯನ್ನು ಬಿಸಿ ಮಾಡಿ ಒಣಗಿಸಬೇಕೆಂದು ಓದಿದ್ದನ್ನು ಬದಿಗಿಟ್ಟು, ಸಿಲಿಕಾದ ಬಾಟಲಿಯ ಮುಚ್ಚಳ ಸಡಿಲಿಸಿ ಕುಚ್ಚಲಕ್ಕಿಯ ಡ್ರಮ್ಮಿನಲ್ಲಿಟ್ಟಳು. ಎರಡು ದಿನ ಬಿಟ್ಟು ತೆಗೆದು ವಾರ್ನಿಶಿಗೆ ಬೆರೆಸಿ ನಲವತ್ತು ಗ್ಲಾಸಿಗೆ ಬಳಿದಳು.

ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ತಿಳಿಯಾಗಿದ್ದವು. ಉಕ್ಕಿನ ನಾರಿನಲ್ಲಿ ತಿಕ್ಕಿದರೂ ಒಂದು ಗೆರೆ ಇಲ್ಲ.

"ಎಂತ ಮಾರಾಯ್ತಿ, ಇನ್ನು ಬೆಕ್ಕು ಪರಚಿದರೂ ಏನಾಗ್ಲಿಕ್ಕಿಲ್ಲ!" ಎಂದು ಮಾವ ನಕ್ಕ.

ಮೊದಲನೆಯದನ್ನು ಫಾಯಿಝಾ ಸೋಮವಾರ ಗೆಳತಿ ನೆಲ್ಲಿಗೆ ಕೊಟ್ಟಳು. ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವಳು ನೆಲ್ಲಿ. ಈಗ ನರ್ಸು. ಕುಲಶೇಖರದ ಮನೆಯಿಂದ ಉರ್ವದ ಆಸ್ಪತ್ರೆಗೆ ಸ್ಕೂಟರಿನಲ್ಲಿ ಹೋಗುತ್ತಿದ್ದಳು. ಹನ್ನೆರಡು ದಿನ ಬಿಟ್ಟು ಕೆಲಸಕ್ಕೆಂದು ಕುವೈತಿಗೆ ಹೊರಡುವವಳಿದ್ದಳು.

ಗುರುವಾರ ಸಂಜೆ ಮಳೆ ಬಿಟ್ಟು ಬಿಸಿಲು ಬಂತು. ಫಾಯಿಝಾ ಒಂದು ಗ್ಲಾಸನ್ನು ಹಿಡಿದು ಬಾಗಿಲಲ್ಲಿ ನಿಂತು ಪಡುವಣಕ್ಕೆ ನೋಡಿದಳು. ಹಾಲು ಚೆಲ್ಲಿದ ಹಾಗೆ ಎಲ್ಲ ಬೆಳ್ಳಗಾಯಿತು. ಇನ್ನೊಂದನ್ನು ಹಿಡಿದಳು. ಅದೂ ಹಾಗೆಯೇ.

"ಮಾಮ, ಮಬ್ಬು ಉಂಟು. ನೆಲ್ಲಿಗೆ ಹೇಳ್ತೇನೆ," ಎಂದು ಫೋನು ತೆಗೆದಳು.

"ಶನಿವಾರ ಅಂಗಡಿಯವರು ಮಾಲು ನೋಡ್ಲಿಕ್ಕೆ ಬರ್ತಾರೆ. ಈಗ್ಲೇ ಊರಿಡೀ ಡಂಗುರ ಸಾರ್ಬೇಡ. ಸೂರ್ಯನನ್ನೇ ನೋಡ್ತಾ ಯಾರು ಗಾಡಿ ಬಿಡ್ತಾರೆ?"

ಫಾಯಿಝಾ ಫೋನನ್ನು ಮೇಜಿನ ಮೇಲಿಟ್ಟಳು.

ಶುಕ್ರವಾರ ನೆಲ್ಲಿಗೆ ನೈಟ್ ಡ್ಯೂಟಿ. ಅಂದೂ ಮಳೆ ಇರಲಿಲ್ಲ. ಸಂಜೆ ಆರಕ್ಕೆ, ಎದುರು ಬಿಸಿಲಿನಲ್ಲಿ, ಕುಲಶೇಖರದಿಂದ ಪಡುವಣಕ್ಕೆ ಇಳಿಯುವ ರಸ್ತೆಯಲ್ಲಿ ಅವಳ ಸ್ಕೂಟರು ಡಿವೈಡರಿಗೆ ಬಡಿಯಿತು. ಬಲಗೈ ಹ್ಯಾಂಡಲಿನ ಅಡಿ ಸಿಕ್ಕಿತು.

ಮರುದಿನ ಫಾಯಿಝಾ ವಾರ್ಡಿಗೆ ಹೋದಾಗ ನೆಲ್ಲಿ ಎಚ್ಚರವಾಗಿದ್ದಳು. ಕೈಗೆ ದಪ್ಪ ಬ್ಯಾಂಡೇಜು.

"ತಿರುವಿನಲ್ಲಿ ಎದುರು ಪೂರಾ ಬಿಳಿ ಆಯ್ತು," ಎಂದಳು ನೆಲ್ಲಿ. "ಗ್ಲಾಸು ಎತ್ತುವಷ್ಟರಲ್ಲಿ ಡಿವೈಡರು."

ಕೊಟ್ಟದ್ದು ಕೋಟಿಂಗ್ ಇಲ್ಲದ ಹಳೆಯ ಗ್ಲಾಸು ಎನ್ನು ಎಂದು ಮಾವ ಹೇಳಿ ಕಳಿಸಿದ್ದ. ಫಾಯಿಝಾ ಹಾಗೆ ಹೇಳಲಿಲ್ಲ.

"ಅದು ನಾನು ಬಳಿದ ಕೋಟಿಂಗಿಂದ ಆದದ್ದು. ಪುಡಿಯನ್ನು ಅಕ್ಕಿಯಲ್ಲಿಟ್ಟಿದ್ದೆ, ಅದರದ್ದೇ ತೇವ ಹಿಡಿದಿತ್ತು."

"ನಿನಗೆ ಯಾವಾಗ ಗೊತ್ತಾಯ್ತು?"

"ಗುರುವಾರ."

ನೆಲ್ಲಿ ಅವಳನ್ನೇ ನೋಡಿದಳು.

"ಫೋನಿನಲ್ಲಿ ಕರೆನ್ಸಿ ಇರ್ಲಿಲ್ವಾ?"

ನೆಲ್ಲಿ ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಮಾತಾಡಲಿಲ್ಲ, ಆ ದಿನವೂ, ಆಮೇಲೂ.

ಶೆಡ್ಡಿಗೆ ಬಂದು ಫಾಯಿಝಾ ಉಳಿದ ಗ್ಲಾಸುಗಳನ್ನು ಒಂದೊಂದಾಗಿ ಮುರಿದಳು. ಮಾವ ಬೈದ, ಆದರೆ ತಡೆಯಲಿಲ್ಲ.

ಹೋದದ್ದು ಮೂವತ್ತೊಂಬತ್ತು ಗ್ಲಾಸು. ಕುವೈತಿನ ಒಂದು ಕೆಲಸ. ನೆಲ್ಲಿಯ ಬಲಗೈಯ ಎರಡು ಬೆರಳು.