ಎಲ್ಲದಕ್ಕೂ ‘ಇಲ್ಲ’

“ಬಾಯಿಗೆ ಬೀಗ ಹಾಕ್ಕೊಳ್ಳೇ, ಬೋಸುಡಿ. ಒಳಗೆ ಏನು ಕೇಳಿದ್ರೂ ‘ಇಲ್ಲ’ ಅನ್ನು. ಸೂಜಿ ಗೀಜಿ ಅಂತ ಉಸುರಿದ್ಯೋ, ನಾಳೆಯಿಂದ ಕೆಲಸಕ್ಕೆ ಬರ್ಬೇಡ.”

ಮೇಸ್ತ್ರಿ ಇದನ್ನು ಹೇಳಿದ್ದು ಬಾಯಿಬಡುಕಿಗೆ. ಕಸ ವಿಂಗಡಿಸುವ ಶೆಡ್ಡಿನಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಮೊನ್ನೆಮೊನ್ನೆ ಇದೇ ಆಸ್ಪತ್ರೆಯ ಕಸದ ಚೀಲ ಸುರಿಯುವಾಗ, ಯಾರಿಗೋ ಚುಚ್ಚಿ ಬಿಸಾಕಿದ ಸೂಜಿ ಅವಳ ಹೆಬ್ಬೆರಳಿಗೆ ನೆಟ್ಟಿತ್ತು. ಕೈಗವಸು ಕೇಳಿದ್ದಕ್ಕೆ ಧಣಿ, “ಮದುವೆಗೆ ಹೊರಟಿದೀಯೇನೇ?” ಎಂದು ನಕ್ಕಿದ್ದ. ಇವತ್ತು ಅದೇ ಧಣಿಯ ಸೊಸೆಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ. ರಕ್ತ ಕೊಡಿಸಲು ಇಡೀ ಶೆಡ್ಡನ್ನೇ ಲಾರಿಗೆ ತುಂಬಿಕೊಂಡು ಇಲ್ಲಿಗೆ ಬಂದಿದ್ದ. ಬಾಣಂತಿಯ ಗಂಡ, ಗೂಳಿಯಂತೆ ಬೆಳೆದವನು, ಗೋಡೆಗೊರಗಿ ಮೊಬೈಲು ತೀಡುತ್ತಿದ್ದ. ಅವನಿಗೆ ಸೂಜಿ ಕಂಡರೆ ತಲೆ ಸುತ್ತುತ್ತದಂತೆ, ಪಾಪ.

ಒಳಗೆ ನರ್ಸಮ್ಮ ಒಂದೊಂದಾಗಿ ಕೇಳತೊಡಗಿದರು.

“ಕಾಮಾಲೆ ಬಂದಿತ್ತಾ?”

“ಇಲ್ಲ.”

“ಊಟ ಮಾಡಿದೀಯಾ?”

“ಇಲ್ಲ.”

“ರಾತ್ರಿ ನಿದ್ದೆ ಆಯ್ತಾ?”

“ಇಲ್ಲ.”

“ನಿನ್ನಿಷ್ಟದಿಂದ ಕೊಡ್ತಿದೀಯಾ?”

“ಇಲ್ಲ.”

ನರ್ಸಮ್ಮ ಪೆನ್ನು ಕೆಳಗಿಟ್ಟು ಎದ್ದು ಬಾಗಿಲು ಹಾಕಿದರು. “ನೋಡಮ್ಮ, ರಕ್ತಾನ ಪರೀಕ್ಷೆ ಮಾಡೇ ಮಾಡ್ತೀವಿ. ಆದ್ರೆ ರೋಗ ಹೊಸದಾಗಿ ಅಂಟಿದ್ರೆ ಪರೀಕ್ಷೇಲೂ ಕಾಣ್ದೇ ಹೋಗ್ಬಹುದು. ಅದಕ್ಕೇ ಬಾಯಿಬಿಟ್ಟು ಕೇಳೋದು. ಇದು ಬಾಣಂತಿ ಮೈಗೆ ಹೋಗುತ್ತೆ.”

ಬಾಯಿಬಡುಕಿ ತನ್ನ ಹೆಬ್ಬೆರಳು ನೋಡಿಕೊಂಡಳು. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆದರೆ ಆ ಹೆಣ್ಣು ಏನು ಪಾಪ ಮಾಡಿದ್ದಾಳೆ? ಅದನ್ನೇ ಮುಂದೆ ಚಾಚಿ ಎಲ್ಲವನ್ನೂ ಒದರಿಬಿಟ್ಟಳು.

“ನೀನು ಈಗ ರಕ್ತ ಕೊಡೋ ಹಾಗಿಲ್ಲ,” ಎಂದರು ನರ್ಸಮ್ಮ. “ಮೊದಲು ಡಾಕ್ಟರಿಗೆ ತೋರಿಸ್ಕೋ.”

ಹೊರಗೆ ಮೇಸ್ತ್ರಿ ಅವಳ ತುರುಬಿಗೇ ಕೈ ಹಾಕಿದ. “ಬಾಯಿ ಬಿಟ್ಯೇನೇ, ಮುಂಡೆ?”

“ಬಿಟ್ಟೆ. ಇನ್ನೇನು, ಕೆಲಸ ಹೋಯ್ತಲ್ಲ, ಕೈ ತೆಗಿ.” ಅವನ ಕೈ ಕಿತ್ತೆಸೆದು ಸಾಲಿನ ಕಡೆ ತಿರುಗಿದಳು. “ಏಯ್, ಸೂಜಿ ಚುಚ್ಚಿಸ್ಕೊಂಡವರೆಲ್ಲ ಕೂತ್ಕೊಳ್ರೋ. ಬಾಣಂತೀನ ಕೊಲ್ಬೇಡಿ.”

ಸಾಲಿನ ಮುಂದಿದ್ದ ಕುಂಟಜ್ಜ ಗೊಣಗುತ್ತ ನೆಲಕ್ಕೆ ಕುಂಡಿ ಊರಿದ. ಅವನ ಹಿಂದೆ ಒಬ್ಬೊಬ್ಬರಾಗಿ ಇಡೀ ಸಾಲೇ ಕೂತಿತು. ನಿಂತಿದ್ದವರು ಧಣಿ, ಮೇಸ್ತ್ರಿ, ಗೋಡೆಗೊರಗಿದ ಮಗ.

ನರ್ಸಮ್ಮ ತಲೆ ಹೊರಹಾಕಿದರು. “ಮುಂದಿನವರು ಬನ್ನಿ.”

“ಚಿಕ್ಕ ಧಣಿ, ನಿಮ್ಮನ್ನೇ ಕರೀತಿರೋದು,” ಎಂದಳು ಬಾಯಿಬಡುಕಿ. “ಹೆದರ್ಬೇಡಿ. ಆ ಸೂಜಿ ಹೊಸದು.”