ಅಲ್ಲಾಡದ ಮುಳ್ಳು

ಮಗಳು ಮಾಪಕದ ಗಾಜನ್ನು ಬೆರಳಿನಿಂದ ತಟ್ಟಿದಳು. ಮುಳ್ಳು ಅಲ್ಲಾಡಲಿಲ್ಲ.

ಹೊರಗೆ ಬೆಳಗಿನಿಂದ ಧೋ ಎಂದು ಮಳೆ. ಊರಿಗೆ ನೀರು ಕೊಡುವ ಪಂಪ್‌ಮನೆಯ ಗೋಡೆಯ ಮೇಲೆ ನೀರಿನ ಮಟ್ಟ ತೋರಿಸುವ ಎರಡು ಮಾಪಕಗಳಿದ್ದವು, ಎಡಗುಡ್ಡದ ಹಳ್ಳಕ್ಕೊಂದು, ಬಲಗುಡ್ಡದ ಹಳ್ಳಕ್ಕೊಂದು. ಎಡಗಡೆಯ ಮುಳ್ಳು ಕುಣಿದು ಕುಪ್ಪಳಿಸಿ ಕೆಂಪು ಗೆರೆ ದಾಟಿತ್ತು. ಬಲಗಡೆಯದು ತನಗೂ ಮಳೆಗೂ ಸಂಬಂಧವೇ ಇಲ್ಲವೆಂಬಂತೆ ನಡುಮಧ್ಯದಲ್ಲೇ ನಿಂತಿತ್ತು.

“ಏನಮ್ಮ, ನಿಮ್ಮಮ್ಮನ ಹಳ್ಳ ಇವತ್ತೂ ಮಾತಾಡಲ್ವಾ?” ಮೇಲ್ವಿಚಾರಕ ಕೊಡೆ ಕೊಡವುತ್ತ ಒಳಗೆ ಬಂದ.

ಅಮ್ಮ ಬಟ್ಟೆ ಹೊಲಿಯುವವಳು. ಮಗಳು ಹುಟ್ಟಿದ ವರ್ಷ ಬೋಳು ಬಲಗುಡ್ಡ ಜರಿದು ಹೊಲಿಗೆಯಂಗಡಿಯೊಳಗೆ ಮೊಣಕಾಲುದ್ದ ಕೆಸರು ತುಂಬಿತ್ತು. ಹರಿದದ್ದನ್ನು ಹರಿದ ಹಾಗೇ ಬಿಟ್ಟು ಗೊತ್ತಿಲ್ಲದ ಹೆಂಗಸು. ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಗುಡ್ಡ ಹತ್ತಿ ಗಿಡ ನೆಟ್ಟಳು. ಊರು ‘ಗುಡ್ಡದ ದರ್ಜಿ’ ಎಂದು ಹೆಸರಿಟ್ಟು ನಕ್ಕಿತು. ಈಗ ಆ ಗಿಡಗಳು ಮೋಡಕ್ಕೆ ತಲೆ ಒರಗಿಸಿ ನಿಂತಿವೆ.

“ಮರಗಳೇ ನೀರು ಕುಡಿದು ಮುಗಿಸ್ತಿವೆ, ಕಡಿಸಿ ಅಂತಿದಾರೆ ಮೇಲಿನವರು,” ಎಂದು ಮೇಲ್ವಿಚಾರಕ ದನಿ ತಗ್ಗಿಸಿದ. “ಮಾಪಕ ಕೆಟ್ಟಿದೆ ಅಂತ ಒಂದು ಮಾತು ಹೇಳ್ಬಿಡು. ಮರ ಉಳೀತವೆ.”

ಮಾಪಕ ರಿಪೇರಿಯೇ ಅವಳ ಕೆಲಸ. ನಿನ್ನೆಯಷ್ಟೇ ಅದನ್ನು ಬಿಚ್ಚಿ, ಒರೆಸಿ, ಜೋಡಿಸಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತು.

“ಊಟ ಮಾಡ್ಕೊಂಡು ಬಂದು ಹೇಳ್ತೀನಿ ಸಾರ್.”

ಊಟ ಮಾಡಲಿಲ್ಲ. ಅಮ್ಮನನ್ನು ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿಕೊಂಡು ಬಲಗುಡ್ಡ ಹತ್ತಿದಳು. ಮರಗಳ ಕೆಳಗೆ ಮಳೆ ಎಲೆಯಿಂದ ಎಲೆಗೆ ಕೇಳಿ ಕೇಳಿ ಇಳಿಯುತ್ತಿತ್ತು. ಎದುರಿನ ಎಡಗುಡ್ಡದ ಮೈಮೇಲೆ ಕೆಂಪು ನೀರು ಗೀರು ಗೀರಾಗಿ ಓಡುತ್ತಿತ್ತು. ಇಲ್ಲಿ ಒಂದೂ ಗೀರಿಲ್ಲ. ತರಗೆಲೆಯೊಳಗೆ ಕೈ ತೂರಿಸಿದರೆ ಮಣಿಕಟ್ಟಿನವರೆಗೂ ತಣ್ಣಗೆ ಒದ್ದೆ.

“ಅಮ್ಮ, ಮರ ನೀರು ಕುಡಿಯೋದು ನಿಜಾನಾ?”

“ಕುಡೀದೆ ಇರ್ತಾವಾ? ಎಳೆಯವಿದ್ದಾಗಂತೂ ಬಾಯಿ ಮುಚ್ಚಿದ್ದೇ ಇಲ್ಲ, ನಿನ್ನ ಹಾಗೇ.” ಅಮ್ಮ ಒಂದು ಕಾಂಡಕ್ಕೆ ಬೆನ್ನು ಕೊಟ್ಟಳು. “ನಿಮ್ಮಜ್ಜಿ ಹೇಳ್ತಿದ್ದಳಲ್ಲ, ಮಳೆ ಅಂದ್ರೆ ನೆಂಟ ಅಂತ. ಬೋಳು ಮನೆಗೆ ಬಂದ್ರೆ ಕೂರೋಕೆ ಜಾಗ ಇಲ್ಲ, ಬಂದ ಕಾಲಲ್ಲೇ ಓಡ್ತಾನೆ, ಹೋಗ್ತಾ ಅಂಗಳದ ಮಣ್ಣನ್ನೂ ಹೊತ್ಕೊಂಡು. ಹಾಸಿ ಕೂರಿಸಿದ್ರೆ ನೋಡು, ತಿಂದಿದ್ದು ತಿಂದು, ಹರಟ್ತಾ ಹರಟ್ತಾ ಬೇಸಿಗೆವರೆಗೂ ಇರ್ತಾನೆ.”

“ಮಾಪಕ ಕೆಟ್ಟಿದೆ ಅಂತ ಸುಳ್ಳು ಹೇಳಿದ್ರೆ ಮರ ಉಳಿಯತ್ತಂತೆ.”

ಅಮ್ಮ ಸೆರಗಿನಿಂದ ಮುಖದ ನೀರು ಒರೆಸಿಕೊಂಡಳು. “ನಾನಂತೂ ಸೊಟ್ಟ ಹೊಲಿದು ಟೇಪು ಸರಿಯಿಲ್ಲ ಅಂದೋಳಲ್ಲ.”

ಮಧ್ಯಾಹ್ನ ಮಗಳು ಒದ್ದೆ ಬಟ್ಟೆಯಲ್ಲೇ ಮೇಲ್ವಿಚಾರಕನ ಮುಂದೆ ನಿಂತಳು. “ಮಾಪಕ ಸರಿಯಾಗೇ ಇದೆ ಸಾರ್. ನೀರು ಗುಡ್ಡದ ಹೊಟ್ಟೇಲಿದೆ. ಮಳೆ ನಿಂತ ಮೇಲೆ ಎರಡೂ ಹಳ್ಳ ನೋಡಿ, ಆಮೇಲೆ ತೀರ್ಮಾನ ಮಾಡ್ಲಿ.”

“ಬೇಸಿಗೇಲಿ ಒಣಗಿದ್ರೆ?”

“ಕೊಡಲಿ ನಾನೇ ತಂದ್ಕೊಡ್ತೀನಿ.”

ಮೇಲಿನವರು ಬೇಸಿಗೆಯವರೆಗೆ ಕಾಯಲು ಒಪ್ಪಿದರು.

ಮಳೆ ನಿಂತದ್ದೇ ತಡ, ಎಡಗಡೆಯ ಮುಳ್ಳು ಬೆಟ್ಟದಿಂದ ಜಾರಿದವರಂತೆ ಇಳಿಯಿತು. ಬೇಸಿಗೆ ಬಲಿತ ಒಂದು ಮಧ್ಯಾಹ್ನ ಆ ಕಡೆಯ ಪಂಪು ಗಾಳಿ ಎಳೆದು ಕೆಮ್ಮಿತು. ಮೇಲ್ವಿಚಾರಕ ತಾನೇ ಅದನ್ನು ನಿಲ್ಲಿಸಿ, ಬಲಗಡೆಯ ಹಳ್ಳದ ನೀರು ಬಿಡುವ ಗಾಲಿಯತ್ತ ಗದ್ದ ಎತ್ತಿ ತೋರಿಸಿದ. ಮಗಳು ಎರಡೂ ಕೈಯಲ್ಲಿ ಗಾಲಿ ಹಿಡಿದು ತಿರುಗಿಸಿದಳು. ಇಡೀ ಊರಿನ ಕೊಳವೆಗಳೊಳಗೆ ನೀರು ಗೊಣಗುತ್ತ ಹೊರಟಿತು.

ಬಲಗಡೆಯ ಮುಳ್ಳು ಮಳೆಗಾಲದಲ್ಲಿ ನಿಂತಿದ್ದ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಮೇಲ್ವಿಚಾರಕ ಗಾಜು ತಟ್ಟಿ ನೋಡಿದ. ಇನ್ನೊಮ್ಮೆ ತಟ್ಟಿದ.

“ತಟ್ಟಿ ಸಾರ್,” ಅಂದಳು ಅವಳು, “ಎಷ್ಟು ಬೇಕಾದ್ರೂ.”

ಸಂಜೆ ಅವಳು ಹೊಲಿಗೆಯಂಗಡಿಗೆ ಹೋದಾಗ, ಹಿಂದಿನ ನಲ್ಲಿಯಲ್ಲಿ ಅಮ್ಮ ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ಲೋಟ ತುಂಬಿಸುತ್ತಿದ್ದಳು. ತುಂಬಿದ ಗಾಜಿನ ಲೋಟವನ್ನು, ಹೊಸ ಬಟ್ಟೆಯ ನೇಯ್ಗೆ ನೋಡುವ ಹಾಗೆ, ಇಳಿಬಿಸಿಲಿಗೆ ಹಿಡಿದಳು.